ವಠಾರದ ಗೋಡೆಗೆ ಕಿಂಡಿ: ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕಂಟೇನರ್ ಕಟ್ಟುವ ಬಗೆ

ಕನ್ನಡ ವಿಕಿಪೀಡಿಯದ ಯಾವುದೋ ಪುಟದಲ್ಲಿ ದಿನಾಂಕ ತಪ್ಪಾಗಿ ಕಾಣುತ್ತಿದೆ ಎಂದುಕೊಳ್ಳಿ. ನಿಮಗೆ ಪ್ರೋಗ್ರಾಮಿಂಗ್ ಗೊತ್ತು. ಆ ತಾಣವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು ಎಂಬುದೂ ಗೊತ್ತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಇವತ್ತು ಇದನ್ನು ಸರಿಮಾಡಿಯೇ ಬಿಡೋಣ ಎಂದು ಲ್ಯಾಪ್‌ಟಾಪ್ ಮುಂದೆ ಕೂರುತ್ತೀರಿ.

ಮೊದಲು ಮೀಡಿಯಾವಿಕಿ ಬರೆದಿರುವ ಭಾಷೆಯಾದ ಪಿಎಚ್‌ಪಿ ಬೇಕು. ನಿಮ್ಮಲ್ಲಿ ಇದೆ, ಆದರೆ ಹಳೆಯದು. ಮೀಡಿಯಾವಿಕಿ 1.39ಕ್ಕೆ ಪಿಎಚ್‌ಪಿ 7.4 ಸಾಕಿತ್ತು; 1.43ಕ್ಕೆ 8.1 ಇಲ್ಲದೆ ಆಗದು. ಹೊಸದನ್ನು ಹಾಕಿದರೆ ಆಫೀಸಿನ ಹಳೆಯ ಪ್ರಾಜೆಕ್ಟೊಂದು ನಿಂತುಹೋಗುತ್ತದೆ. ಹೇಗೋ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡಿರಿ. ಇಂಟ್ಲ್ ಎಂಬ ಎಕ್ಸ್‌ಟೆನ್ಷನ್ (ಪಿಎಚ್‌ಪಿಗೆ ಸೇರಿಸುವ ತುಣುಕು) ಇಲ್ಲ ಎನ್ನುತ್ತದೆ. ಅದನ್ನು ಹಾಕಿದರೆ ಎಂಬಿಸ್ಟ್ರಿಂಗ್ ಎಲ್ಲಿ ಎನ್ನುತ್ತದೆ. ಆಮೇಲೆ ಲೈಬ್ರರಿಗಳನ್ನು ತರುವ ಕಂಪೋಸರ್, ವೆಬ್ ಸರ್ವರ್, ಡೇಟಾಬೇಸ್. ಸಂಜೆ ಕಾಫಿಯ ಹೊತ್ತಿಗೆ ನೀವು ಹದಿನೇಳು ಟ್ಯಾಬ್ ತೆರೆದಿದ್ದೀರಿ, ದಿನಾಂಕದ ಕೋಡ್ ಯಾವ ಫೈಲಿನಲ್ಲಿದೆ ಎಂದು ಮಾತ್ರ ಇನ್ನೂ ನೋಡಿಲ್ಲ. ಭಾನುವಾರ ನೋಡೋಣ ಎಂದು ಮುಚ್ಚಿಡುತ್ತೀರಿ. ಆ ಭಾನುವಾರ ಬರುವುದಿಲ್ಲ.

ಪ್ರಾಜೆಕ್ಟುಗಳು ಹೊಸಬರನ್ನು ಕಳೆದುಕೊಳ್ಳುವುದು ಕೋಡ್ ಕಷ್ಟ ಎಂಬ ಕಾರಣಕ್ಕಿಂತ ಹೆಚ್ಚಾಗಿ ಈ ಹೊಸಿಲಿನಲ್ಲೇ ಎಂಬುದು ನಾನು ಕಂಡುಕೊಂಡದ್ದು. ಹಳಬರಿಗೆ ಇದು ಕಾಣಿಸುವುದಿಲ್ಲ. ಅವರ ಮೆಷೀನಿನಲ್ಲಿ ಎಲ್ಲವೂ ಎಂದೋ ಕೂತಿದೆ, ಹೇಗೆ ಕೂತಿತು ಎಂಬುದು ಅವರಿಗೇ ಮರೆತಿದೆ. ಕಂಟೇನರ್‌ಗಳು ಈ ಹೊಸಿಲನ್ನು ತಗ್ಗಿಸುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ತಗ್ಗಿಸುತ್ತವೆ. ಆದರೆ ತೊಡಕುಗಳನ್ನು ಅವು ಅಳಿಸಿಹಾಕುವುದಿಲ್ಲ, ಕೆಲವೇ ಜಾಗಗಳಿಗೆ ತಂದು ಗುಡ್ಡೆ ಹಾಕುತ್ತವೆ. ಆ ಜಾಗಗಳು ಯಾವುವು ಎಂದು ತಿಳಿದರೆ ಮುಕ್ಕಾಲು ಕೆಲಸ ಆದಂತೆ.

ಕಂಟೇನರ್ ಎಂದರೆ ಪುಟ್ಟ ಕಂಪ್ಯೂಟರ್ ಎಂದುಕೊಂಡವರೇ ಜಾಸ್ತಿ. ಅಲ್ಲ. ಅದಕ್ಕೆ ನಮ್ಮ ಹಳೆಯ ಊರುಗಳ ವಠಾರವನ್ನು ನೆನಪಿಸಿಕೊಳ್ಳಿ. ವರ್ಚುವಲ್ ಮೆಷೀನ್ ಎಂದರೆ ಬೇರೆ ಸೈಟು, ಬೇರೆ ಕಾಂಪೌಂಡು, ಬೇರೆ ಬಾವಿ ಇರುವ ಸ್ವಂತ ಮನೆ. ಅದರೊಳಗೆ ಒಂದು ಇಡೀ ಆಪರೇಟಿಂಗ್ ಸಿಸ್ಟಂ, ತನ್ನದೇ ಕರ್ನಲ್ (ಸಿಸ್ಟಂನ ತಿರುಳು) ಸಮೇತ ಓಡುತ್ತದೆ. ಕಂಟೇನರ್ ವಠಾರದ ಒಂದು ಮನೆ. ಗೋಡೆ ಇದೆ, ಬಾಗಿಲಿದೆ, ಒಳಗಿನವರಿಗೆ ಅದೇ ಪೂರ್ತಿ ಮನೆ. ಆದರೆ ನೀರು ಸೇದುವುದು ಎಲ್ಲರೂ ಒಂದೇ ಬಾವಿಯಿಂದ. ಆ ಬಾವಿಯೇ ಲಿನಕ್ಸ್ ಕರ್ನಲ್. ಕಂಟೇನರ್ ಒಳಗಿನ ಪಿಎಚ್‌ಪಿ ಹೊರಗಿನ ಲಿನಕ್ಸಿನ ಮೇಲೆಯೇ ಓಡುತ್ತಿರುವ ಮಾಮೂಲಿ ಪ್ರೋಸೆಸ್. ಹೊರಗೆ ಕೂತು ಪ್ರೋಸೆಸ್‌ಗಳ ಪಟ್ಟಿ ತೆಗೆದರೆ ಅದೂ ಸಿಗುತ್ತದೆ. ಒಳಗಿನಿಂದ ನೋಡಿದರೆ ಮಾತ್ರ ಪಕ್ಕದ ಮನೆಯವರು ಕಾಣುವುದಿಲ್ಲ.

ಈ ಗೋಡೆ ಒಂದೇ ದಿನ ಎದ್ದದ್ದಲ್ಲ. 1979ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಗೆ ಚ್‌ರೂಟ್ ಬಂತು: ಒಂದು ಪ್ರೋಸೆಸ್‌ಗೆ ಇದೇ ನಿನ್ನ ಇಡೀ ಡಿಸ್ಕ್ ಎಂದು ಒಂದು ಫೋಲ್ಡರನ್ನು ತೋರಿಸಿ ನಂಬಿಸುವ ಉಪಾಯ. 2002ರಲ್ಲಿ ಲಿನಕ್ಸಿಗೆ ಮೊದಲ ನೇಮ್‌ಸ್ಪೇಸ್ ಬಂತು. ಫೈಲು, ನೆಟ್‌ವರ್ಕ್, ಪ್ರೋಸೆಸ್ ಪಟ್ಟಿ, ಬಳಕೆದಾರರು ಹೀಗೆ ಒಂದೊಂದಕ್ಕೂ ಒಂದೊಂದು ಗೋಡೆ ಎದ್ದು, 2013ರ ಹೊತ್ತಿಗೆ ಆ ಕೆಲಸ ಒಂದು ಹಂತಕ್ಕೆ ಬಂದಿತ್ತು. ಯಾರು ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಎಂದು ಅಳೆಯುವ ಮೀಟರಿನ ಹೆಸರು ಸಿಗ್ರೂಪ್. ಗೂಗಲ್ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದ್ದು 2008ರಲ್ಲಿ ಕರ್ನಲ್ ಸೇರಿತು. 2013ರ ಮಾರ್ಚಿನಲ್ಲಿ ಅಮೆರಿಕದ ಸಾಂತಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷದ ಪುಟ್ಟ ಮಾತಿನಲ್ಲಿ ಡಾಕರ್ ಎಂಬ ಕಂಟೇನರ್ ತಂತ್ರಾಂಶವನ್ನು ತೋರಿಸಿದಾಗ ಗೋಡೆ, ಮೀಟರು ಎರಡೂ ಆಗಲೇ ಇದ್ದವು. ಡಾಕರ್ ಸೇರಿಸಿದ್ದು ಬೇರೆಯದು: ಕಟ್ಟಿದ ಮನೆಯ ಪಡಿಯಚ್ಚು ತೆಗೆದು, ಹೆಸರಿಟ್ಟು, ಇನ್ನೊಬ್ಬರಿಗೆ ಕಳಿಸಿ, ಅವರಲ್ಲೂ ಹಾಗೇ ಎಬ್ಬಿಸುವ ದಾರಿ. ಆ ಪಡಿಯಚ್ಚಿಗೆ ಇಮೇಜ್ ಎಂದು ಹೆಸರು.

ಬಾವಿ ಲಿನಕ್ಸಿನದೇ ಆಗಿರಬೇಕು ಎಂದಾದರೆ ಮ್ಯಾಕ್‌ನಲ್ಲಿ, ವಿಂಡೋಸಿನಲ್ಲಿ ಕಂಟೇನರ್ ಹೇಗೆ ಓಡುತ್ತದೆ? ಅಲ್ಲಿ ಡಾಕರ್ ಡೆಸ್ಕ್‌ಟಾಪ್ ಸದ್ದಿಲ್ಲದೆ ಒಂದು ಲಿನಕ್ಸ್ ವರ್ಚುವಲ್ ಮೆಷೀನ್ ಎಬ್ಬಿಸಿ ಅದರೊಳಗೆ ವಠಾರ ಕಟ್ಟುತ್ತದೆ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಮೇಜ್ ಕಟ್ಟುವ ವಿಧಾನವನ್ನು ಡಾಕರ್‌ಫೈಲ್ ಎಂಬ ಸಾದಾ ಪಠ್ಯದ ಫೈಲಿನಲ್ಲಿ ಬರೆಯುತ್ತೇವೆ. ಇಂಥ ಮೂಲ ಇಮೇಜಿನಿಂದ ಶುರುಮಾಡು, ಇಂಥ ಪ್ಯಾಕೇಜ್ ಹಾಕು, ಈ ಫೈಲನ್ನು ಒಳಗೆ ನಕಲು ಮಾಡು, ಕೊನೆಗೆ ಈ ಕಮಾಂಡ್ ಓಡಿಸು. ಒಂದೊಂದು ಸಾಲೂ ಒಂದೊಂದು ಪದರ. ಪದರ ಬದಲಾಗದಿದ್ದರೆ ಡಾಕರ್ ಹಳೆಯದನ್ನೇ ಬಳಸುತ್ತದೆ. ಬದಲಾದರೆ ಅದನ್ನೂ ಅದರ ನಂತರ ಬರುವ ಎಲ್ಲ ಪದರಗಳನ್ನೂ ಮತ್ತೆ ಕಟ್ಟುತ್ತದೆ. ಹೊಸಬರು ಎಡವುವುದು ಇಲ್ಲೇ. ಮೊದಲು ಇಡೀ ಪ್ರಾಜೆಕ್ಟನ್ನು ನಕಲು ಮಾಡಿ, ಆಮೇಲೆ ಲೈಬ್ರರಿಗಳನ್ನು ಹಾಕು ಎಂದು ಬರೆದರೆ, ಎಲ್ಲೋ ಒಂದು ಅಲ್ಪವಿರಾಮ ತಿದ್ದಿದರೂ ಎಲ್ಲ ಲೈಬ್ರರಿಗಳು ಮತ್ತೆ ಡೌನ್‌ಲೋಡ್ ಆಗುತ್ತವೆ. ಲೈಬ್ರರಿಗಳ ಪಟ್ಟಿ ಇರುವ ಫೈಲನ್ನಷ್ಟೇ ಮೊದಲು ನಕಲಿಸಿ, ಲೈಬ್ರರಿ ಹಾಕಿಸಿ, ಉಳಿದ ಕೋಡನ್ನು ಕೊನೆಗೆ ತಂದರೆ ಪಟ್ಟಿ ಬದಲಾದಾಗ ಮಾತ್ರ ಡೌನ್‌ಲೋಡ್. ಎರಡು ಸಾಲುಗಳ ಅದಲುಬದಲು ಅಷ್ಟೇ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ಇದರ ಬೆಲೆ ಗೊತ್ತು. ಇನ್ನೊಂದು ಎಚ್ಚರಿಕೆ: ಕೆಳಗಿನ ಪದರದಲ್ಲಿ ಪಾಸ್‌ವರ್ಡ್ ಇರುವ ಫೈಲನ್ನಿಟ್ಟು ಮೇಲಿನ ಪದರದಲ್ಲಿ ಅಳಿಸಿದರೆ ಅದು ಅಳಿಯುವುದಿಲ್ಲ, ಮೇಲೆ ಮುಚ್ಚಿಕೊಳ್ಳುತ್ತದೆ ಅಷ್ಟೆ. ಇಮೇಜ್ ಸಿಕ್ಕವರು ಪದರ ಬಿಡಿಸಿ ನೋಡಬಹುದು.

ಇಷ್ಟು ಕಲಿತವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ, ಸರ್ವರಿನಲ್ಲಿ ಓಡಿಸಲು ಬರೆದ ಡಾಕರ್‌ಫೈಲನ್ನೇ ತಂದು ಇದನ್ನೇ ಬಳಸಿ ಕೋಡ್ ಬರೆಯಿರಿ ಎಂದು ಹೊಸಬರ ಕೈಗೆ ಕೊಡುವುದು. ಎರಡರ ಉದ್ದೇಶವೇ ಬೇರೆ. ಸರ್ವರಿನ ಇಮೇಜಿನಲ್ಲಿ ಕೋಡ್ ಒಳಗೇ ಇರಬೇಕು, ಪರಿಕರಗಳು ಆದಷ್ಟು ಕಡಿಮೆ ಇರಬೇಕು, ಹೊರಗಿನಿಂದ ಯಾರೂ ಕೈ ಹಾಕಬಾರದು. ಡೆವಲಪರ್ ಇಮೇಜಿನಲ್ಲಿ ದೋಷ ಹುಡುಕುವ ಡೀಬಗರ್, ಟೆಸ್ಟ್ ಓಡಿಸುವ ಸಾಧನ, ಕೋಡಿನ ಓರೆಕೋರೆ ತೋರಿಸುವ ಲಿಂಟರ್ ಎಲ್ಲ ಬೇಕು; ಕೋಡ್ ಒಂದೇ ಬೇಡ. ಕೋಡ್ ನಿಮ್ಮ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ, ನಿಮ್ಮ ಎಡಿಟರಿನ ಕೈಗೆ ಸಿಗುವಂತಿರಬೇಕು. ಒಂದು ಸಾಲು ತಿದ್ದಿ ಸೇವ್ ಮಾಡಿದೊಡನೆ ಕಂಟೇನರ್ ಒಳಗೂ ಬದಲಾಗಬೇಕು. ಅಂದರೆ ಸರ್ವರಿನ ಮನೆಗೆ ಗೋಡೆ ಗಟ್ಟಿಯಿದ್ದಷ್ಟೂ ಒಳ್ಳೆಯದು, ಕೆಲಸ ಮಾಡುವವರ ಮನೆಯ ಗೋಡೆಗೆ ಕಿಂಡಿಗಳು ಬೇಕು. ತೊಂದರೆಗಳೆಲ್ಲ ಬಂದು ಸೇರುವುದು ಈ ಕಿಂಡಿಗಳಲ್ಲೇ.

ಮೀಡಿಯಾವಿಕಿ ಇದನ್ನು ಹೇಗೆ ಮಾಡಿದೆ ನೋಡೋಣ. ಹಿಂದೆ ಅವರಲ್ಲಿ ವೇಗ್ರಂಟ್ ಆಧರಿಸಿದ ವ್ಯವಸ್ಥೆ ಇತ್ತು, ಇಡೀ ವರ್ಚುವಲ್ ಮೆಷೀನ್ ಎಬ್ಬಿಸುವಂಥದ್ದು. ಈಗ ಮೂಲ ಕೋಡಿನ ಭಂಡಾರವಾದ ರೆಪೊಸಿಟರಿಯಲ್ಲೇ ಒಂದು ಕಂಪೋಸ್ ಫೈಲ್ ಇದೆ. ಡಾಕರ್‌ಫೈಲ್ ಒಂದು ಮನೆಯ ನಕ್ಷೆಯಾದರೆ ಕಂಪೋಸ್ ಫೈಲ್ ಇಡೀ ವಠಾರದ್ದು: ಯಾವ್ಯಾವ ಮನೆ, ಯಾರ ಬಾಗಿಲು ಬೀದಿಗೆ, ಯಾರ ಕಿಂಡಿ ಎಲ್ಲಿಗೆ. ಮೀಡಿಯಾವಿಕಿಯದರಲ್ಲಿ ಮೂರು ಮನೆ. ಒಂದರಲ್ಲಿ ಪಿಎಚ್‌ಪಿ, ಒಂದರಲ್ಲಿ ಅಪಾಚೆ ವೆಬ್ ಸರ್ವರ್, ಇನ್ನೊಂದರಲ್ಲಿ ಹಿನ್ನೆಲೆಯ ಕೆಲಸಗಳನ್ನು ಒಂದೊಂದಾಗಿ ಮುಗಿಸುವ ಜಾಬ್‌ರನ್ನರ್. ಡೇಟಾಬೇಸಿಗೆ ಬೇರೆ ಮನೆಯೇ ಇಲ್ಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಬಳಸಿ, ಪ್ರಾಜೆಕ್ಟ್ ಫೋಲ್ಡರಿನೊಳಗಿನ ಒಂದು ಫೈಲಿನಲ್ಲೇ ಎಲ್ಲವನ್ನೂ ಇಡುತ್ತದೆ. ವಿಕಿಪೀಡಿಯ ಓಡುವುದು ಮರಿಯಾಡಿಬಿ ಎಂಬ ಡೇಟಾಬೇಸ್ ಸರ್ವರಿನ ಮೇಲೆ, ನಿಜ. ಆದರೆ ದಿನಾಂಕ ತಿದ್ದಲು ಬಂದವರಿಗೆ ಮರಿಯಾಡಿಬಿ ಯಾಕೆ? ಬೇಕಾದವರು ಓವರ್‌ರೈಡ್ ಫೈಲ್ ಎಂಬ ಇನ್ನೊಂದು ಫೈಲ್ ಬರೆದು ಅದನ್ನು ಸೇರಿಸಿಕೊಳ್ಳಬಹುದು. ಅದು ನಿಮ್ಮ ಮೆಷೀನಿನಲ್ಲೇ ಉಳಿಯುತ್ತದೆ. ಮೊದಲ ದಿನಕ್ಕೆ ಬೇಕಾದಷ್ಟನ್ನೇ ಬಡಿಸುವ ಈ ತೀರ್ಮಾನ ನನಗೆ ತುಂಬ ಹಿಡಿಸಿತು. ಎಷ್ಟೋ ಪ್ರಾಜೆಕ್ಟುಗಳು ಹೊಸಬರಿಗೆ ಮೊದಲ ದಿನವೇ ಸರ್ಚ್ ಸರ್ವರ್, ಕ್ಯೂ, ಕ್ಯಾಶ್ ಸೇರಿ ಒಂಬತ್ತು ಕಂಟೇನರ್ ಎಬ್ಬಿಸಿ, ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪಿನ ಉಸಿರು ನಿಲ್ಲಿಸುತ್ತವೆ.

ಕ್ರಮ ಹೀಗೆ: ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದ ಕೋಡ್ ತಂದುಕೊಳ್ಳಿ. ಇತಿಹಾಸ ದೊಡ್ಡದು, ಹಾಗಾಗಿ ಡೆಪ್ತ್ ಒಂದು ಎಂದು ಹೇಳಿ ಕೊನೆಯ ಸ್ಥಿತಿಯನ್ನಷ್ಟೇ ತಂದರೆ ಡೇಟಾ ಉಳಿಯುತ್ತದೆ. ದಾಖಲೆಯಲ್ಲಿ ಕೊಟ್ಟ ನಾಲ್ಕಾರು ಸಾಲುಗಳನ್ನು ಡಾಟ್ ಎನ್ವ್ ಎಂಬ ಸೆಟ್ಟಿಂಗ್‌ಗಳ ಫೈಲಿಗೆ ಹಾಕಿ. ಡಾಕರ್ ಕಂಪೋಸ್ ಅಪ್ ಎನ್ನಿ. ಪಿಎಚ್‌ಪಿಯ ಕಂಟೇನರ್ ಒಳಗೆ ಕಂಪೋಸರ್ ಓಡಿಸಿ ಲೈಬ್ರರಿಗಳನ್ನು ತರಿಸಿ, ಅಲ್ಲೇ ಇನ್‌ಸ್ಟಾಲ್ ಕಮಾಂಡ್ ಕೊಡಿ. ವೆಕ್ಟರ್ ಎಂಬ ಸ್ಕಿನ್ (ಪುಟದ ಹೊರನೋಟ) ಬೇರೆ ರೆಪೊಸಿಟರಿಯಲ್ಲಿದೆ, ಅದನ್ನೂ ತರದಿದ್ದರೆ ಪುಟ ಬೋಳುಬೋಳಾಗಿ ಕಾಣುತ್ತದೆ. ಆಮೇಲೆ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 8080. ನಿಮ್ಮದೇ ಒಂದು ವಿಕಿ. ಇನ್ನು ಲೋಕಲ್‌ಸೆಟ್ಟಿಂಗ್ಸ್ ಫೈಲ್ ತೆರೆದು ಭಾಷೆಯ ಕೋಡನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿ ಪುಟವನ್ನು ಮತ್ತೆ ಲೋಡ್ ಮಾಡಿ: ಮೆನುಗಳು ಕನ್ನಡದಲ್ಲಿ ಬಂದಿವೆ, ದಿನಾಂಕದಲ್ಲಿ ಕನ್ನಡದ ಅಂಕಿಗಳಿವೆ. ನಿಮ್ಮ ಎಡಿಟರಿನಲ್ಲಿ ತಿದ್ದಿದ್ದು ಗೋಡೆ ದಾಟಿ ಒಳಗಿನ ಪಿಎಚ್‌ಪಿಗೆ ಕಂಡಿದೆ. ಕಿಂಡಿ ಕೆಲಸ ಮಾಡುತ್ತಿದೆ.

ಈ ಕಿಂಡಿಯ ಹೆಸರು ಬೈಂಡ್ ಮೌಂಟ್. ಹೊರಗಿನ ಒಂದು ಫೋಲ್ಡರನ್ನೇ ಒಳಗಿನ ಒಂದು ಜಾಗದಲ್ಲಿ ತೋರಿಸುವುದು, ನಕಲು ಅಲ್ಲ, ಅದೇ ಫೋಲ್ಡರ್. ಸಮಸ್ಯೆಗಳಲ್ಲಿ ಅರ್ಧಕ್ಕರ್ಧ ಇದರದ್ದೇ.

ಮೊದಲನೆಯದು ಒಡೆತನ. ಲಿನಕ್ಸಿಗೆ ನಿಮ್ಮ ಹೆಸರು ಮುಖ್ಯವಲ್ಲ, ಯುಐಡಿ ಎಂಬ ಸಂಖ್ಯೆ ಮುಖ್ಯ. ಉಬುಂಟು ಹಾಕಿಕೊಂಡ ಲ್ಯಾಪ್‌ಟಾಪಿನಲ್ಲಿ ಮೊದಲ ಬಳಕೆದಾರರ ಸಂಖ್ಯೆ 1000. ಕಂಟೇನರ್ ಒಳಗಿನ ಪ್ರೋಗ್ರಾಂ, ಬೇರೆ ಏನೂ ಹೇಳದಿದ್ದರೆ, ಸಾಮಾನ್ಯವಾಗಿ ಸೊನ್ನೆ ಸಂಖ್ಯೆಯ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡುತ್ತದೆ. ಅದು ಬರೆದ ಲಾಗ್ ಫೈಲು, ತಂದ ಲೈಬ್ರರಿ ಎಲ್ಲ ನಿಮ್ಮ ಫೋಲ್ಡರಿನಲ್ಲೇ ರೂಟ್ ಹೆಸರಿನಲ್ಲಿ ಕೂರುತ್ತವೆ. ಮರುದಿನ ನೀವು ಅಳಿಸಲು ಹೋದರೆ ನಿಮ್ಮ ಮನೆಯಲ್ಲೇ ನಿಮಗೆ ಅನುಮತಿ ಇಲ್ಲ ಎಂಬ ಉತ್ತರ. ಸಿಟ್ಟಿನಲ್ಲಿ ಎಲ್ಲಕ್ಕೂ 777 (ಯಾರು ಬೇಕಾದರೂ ಓದಿ, ಬರೆದು, ಓಡಿಸಬಹುದೆಂಬ ಅನುಮತಿ) ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಆಗ ಗಿಟ್ ಫೈಲುಗಳ ಅನುಮತಿ ಬದಲಾಗಿದೆ ಎಂದು ನೂರಾರು ಬದಲಾವಣೆ ತೋರಿಸುತ್ತದೆ. ಸರಿಯಾದ ಮದ್ದು, ಒಳಗಿನ ಪ್ರೋಗ್ರಾಮನ್ನು ನಿಮ್ಮ ಸಂಖ್ಯೆಯಲ್ಲೇ ಓಡಿಸುವುದು. ಮೀಡಿಯಾವಿಕಿಯ ಡಾಟ್ ಎನ್ವ್ ಫೈಲಿನಲ್ಲಿ ಲಿನಕ್ಸ್ ಬಳಸುವವರು ತಮ್ಮ ಯುಐಡಿ, ಜಿಐಡಿ (ಗುಂಪಿನ ಸಂಖ್ಯೆ) ಬರೆಯಬೇಕು ಎಂದಿರುವುದು ಇದಕ್ಕೇ. ದಾಖಲೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ಸಾಲು ಅದು. ಮ್ಯಾಕ್‌ನಲ್ಲಿ ನಡುವಿನ ವರ್ಚುವಲ್ ಮೆಷೀನ್ ಒಡೆತನವನ್ನು ತಾನೇ ಹೊಂದಿಸಿಬಿಡುವುದರಿಂದ ಅಲ್ಲಿ ಈ ತೊಂದರೆ ಕಾಣುವುದಿಲ್ಲ. ಹಾಗಾಗಿ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಮ್ಯಾಕ್ ಬಳಸುತ್ತಿದ್ದರೆ, ಲಿನಕ್ಸ್ ಬಳಸುವ ಹೊಸಬರು ದೂರಿದಾಗ ನನಗೆ ಸರಿಯಾಗೇ ಇದೆಯಲ್ಲ ಎನ್ನುತ್ತಾರೆ. ಯಾವ ಮಾತನ್ನು ಕೇಳಬಾರದೆಂದು ಕಂಟೇನರ್ ತಂದೆವೋ ಅದೇ ಮಾತು!

ಎರಡನೆಯದು ವೇಗ. ಮ್ಯಾಕ್‌ನಲ್ಲಿ ಒಂದೊಂದು ಫೈಲ್ ಓದುವುದೂ ವರ್ಚುವಲ್ ಮೆಷೀನಿನ ಗಡಿ ದಾಟಬೇಕು. ಸಾವಿರಾರು ಸಣ್ಣ ಫೈಲುಗಳಿರುವ ಪ್ರಾಜೆಕ್ಟಿನಲ್ಲಿ ಇದು ಎದ್ದು ಕಾಣುತ್ತದೆ. ಗಡಿಯಾಚೆ ಫೈಲ್ ಹಂಚುವ ವರ್ಟಿಯೊಎಫ್‌ಎಸ್ ಎಂಬ ವಿಧಾನ ಬಂದಮೇಲೆ ಎಷ್ಟೋ ಸುಧಾರಿಸಿದೆ. ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಿಗೆ ನನ್ನ ಒಂದೇ ಮಾತು: ಕೋಡನ್ನು ಸಿ ಡ್ರೈವಿನಲ್ಲಿ ಇಡಬೇಡಿ, ಲಿನಕ್ಸಿನ ಹೋಮ್ ಫೋಲ್ಡರಿನೊಳಗೇ ಕ್ಲೋನ್ ಮಾಡಿ. ಮಿಕ್ಕ ಉಪಾಯಗಳೆಲ್ಲ ಅದರ ನಂತರ.

ವಿಂಡೋಸಿನದೇ ಇನ್ನೊಂದು ಕಾಟ ಇದೆ, ಮೊದಲ ಸಲ ಎದುರಾದಾಗ ತಲೆ ಕೆಡಿಸುವಂಥದ್ದು. ಕಂಟೇನರ್ ಶುರುವಾಗುವುದಿಲ್ಲ, ಇಂಥ ಫೈಲ್ ಇಲ್ಲ ಎನ್ನುತ್ತದೆ. ನೋಡಿದರೆ ಫೈಲ್ ಕಣ್ಣೆದುರೇ ಇದೆ. ಆಗಿದ್ದೇನೆಂದರೆ, ವಿಂಡೋಸಿನ ಗಿಟ್ ಕ್ಲೋನ್ ಮಾಡುವಾಗ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರವನ್ನು ಹೆಚ್ಚಿಗೆ ಸೇರಿಸಿದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದಿರುವುದು ಲಿನಕ್ಸಿಗೆ ಬ್ಯಾಶ್ ಮತ್ತು ಆ ಕಾಣದ ಅಕ್ಷರ ಎಂದು ಕಾಣುತ್ತದೆ. ಅಂಥ ಪ್ರೋಗ್ರಾಂ ಇಲ್ಲ. ಇಲ್ಲದಿರುವುದು ಸ್ಕ್ರಿಪ್ಟ್ ಅಲ್ಲ, ಅದನ್ನು ಓಡಿಸಬೇಕಾದ ಪ್ರೋಗ್ರಾಂ. ರೆಪೊಸಿಟರಿಯ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಶೆಲ್ ಸ್ಕ್ರಿಪ್ಟುಗಳ ಸಾಲಿನ ಕೊನೆ ಯಾವಾಗಲೂ ಲಿನಕ್ಸಿನಂತೆಯೇ ಇರಲಿ ಎಂದು ಒಂದು ಸಾಲು ಬರೆದರೆ ಮುಗಿಯಿತು. ಇದನ್ನು ಮೇಂಟೇನರ್ ಒಮ್ಮೆ ಮಾಡಬೇಕು. ಇಲ್ಲವಾದರೆ ಬಂದವರೆಲ್ಲ ಒಬ್ಬೊಬ್ಬರಾಗಿ ಒಂದೊಂದು ರಾತ್ರಿ ಕಳೆಯಬೇಕು.

ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬಳಸುವ ಪ್ರಾಜೆಕ್ಟುಗಳಲ್ಲಿ ಬೈಂಡ್ ಮೌಂಟ್ ಇನ್ನೊಂದು ಆಟ ಆಡುತ್ತದೆ. ಇಮೇಜ್ ಕಟ್ಟುವಾಗ ಒಳಗೆ ಲೈಬ್ರರಿಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ತುಂಬಿಸಿದಿರಿ. ಓಡಿಸುವಾಗ ಹೊರಗಿನ ಫೋಲ್ಡರನ್ನು ಅದೇ ಜಾಗದ ಮೇಲೆ ಹಾಸಿದಿರಿ. ಚಾಪೆಯ ಕೆಳಗಿದ್ದದ್ದು ಕಾಣೆಯಾಯಿತು. ಹೊರಗೇ ಲೈಬ್ರರಿ ಹಾಕಿಕೊಳ್ಳೋಣ ಎಂದರೆ, ಮ್ಯಾಕ್‌ಗೆಂದು ಕಂಪೈಲ್ ಆದದ್ದು ಲಿನಕ್ಸಿನೊಳಗೆ ಓಡುವುದಿಲ್ಲ. ಆ ಒಂದು ಉಪಫೋಲ್ಡರಿಗೆ ಮಾತ್ರ ಬೇರೆ ವಾಲ್ಯೂಮ್ (ಡಾಕರ್ ತಾನೇ ನೋಡಿಕೊಳ್ಳುವ ಸಂಗ್ರಹ) ಕೊಟ್ಟು ಕಿಂಡಿಯ ಆ ಮೂಲೆಯನ್ನು ಮುಚ್ಚುವುದು ಎಲ್ಲರೂ ಬಳಸುವ ದಾರಿ.

ನೆಟ್‌ವರ್ಕಿನ ಕಿಂಡಿಗೆ ಬಂದರೆ, ಎಲ್ಲ ಗೊಂದಲಕ್ಕೂ ಮೂಲ ಲೋಕಲ್‌ಹೋಸ್ಟ್ ಎಂಬ ಪದ. ಅದರ ಅರ್ಥ ನಾನಿರುವ ಮನೆ ಎಂದು. ಹೇಳುವವರು ಯಾರು ಎಂಬುದರ ಮೇಲೆ ಮನೆ ಬದಲಾಗುತ್ತದೆ. ಬ್ರೌಸರ್ ಲೋಕಲ್‌ಹೋಸ್ಟ್ ಎಂದರೆ ನಿಮ್ಮ ಲ್ಯಾಪ್‌ಟಾಪ್. ಪಿಎಚ್‌ಪಿಯ ಕಂಟೇನರ್ ಲೋಕಲ್‌ಹೋಸ್ಟ್ ಎಂದರೆ ಅದೇ ಕಂಟೇನರ್. ಡೇಟಾಬೇಸ್ ಪಕ್ಕದ ಮನೆಯಲ್ಲಿರುವಾಗ ತನ್ನ ಮನೆಯಲ್ಲೇ ಹುಡುಕಿದರೆ ಸಿಗದು. ಕಂಪೋಸ್ ಫೈಲಿನಲ್ಲಿ ಆ ಸೇವೆಗೆ ಇಟ್ಟ ಹೆಸರಿನಿಂದಲೇ ಕರೆಯಬೇಕು. ಇದರ ಉಲ್ಟಾ ತಪ್ಪೂ ಇದೆ: ಕಂಟೇನರ್ ಒಳಗಿನ ಡೆವಲಪ್‌ಮೆಂಟ್ ಸರ್ವರ್ ತನ್ನ ಲೋಕಲ್‌ಹೋಸ್ಟಿಗೆ ಮಾತ್ರ ಕಿವಿಗೊಟ್ಟು ಕೂತಿದ್ದರೆ, ನೀವು ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದರೂ ಹೊರಗಿನ ಕೂಗು ಅದಕ್ಕೆ ಕೇಳುವುದಿಲ್ಲ. 0.0.0.0 ಎಂದು ಹೇಳಿ ಎಲ್ಲ ದಿಕ್ಕಿಗೂ ಕಿವಿ ತೆರೆಯಬೇಕು.

ಪೋರ್ಟ್ ತೆರೆಯುವಾಗಲೂ ಒಂದು ಜಾಗ್ರತೆ. ಲಿನಕ್ಸಿನಲ್ಲಿ ಡಾಕರ್ ತಾನೇ ಫೈರ್‌ವಾಲ್ ನಿಯಮಗಳನ್ನು ಬರೆಯುತ್ತದೆ. ನೀವು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಸಾಧನ ಹಾಕಿ ಎಲ್ಲ ಮುಚ್ಚಿದ್ದೇನೆ ಎಂದು ನೆಮ್ಮದಿಯಾಗಿದ್ದರೂ ಡಾಕರ್ ತೆರೆದ ಪೋರ್ಟು ತೆರೆದೇ ಇರುತ್ತದೆ. ಮೀಡಿಯಾವಿಕಿಯ ಡೆವಲಪರ್ ವ್ಯವಸ್ಥೆಯಲ್ಲಿ ನಿರ್ವಾಹಕರ ಪಾಸ್‌ವರ್ಡ್ ಏನೆಂದು ದಾಖಲೆಯಲ್ಲೇ ಬರೆದಿದೆ, ಲೋಕಕ್ಕೆಲ್ಲ ಗೊತ್ತು. ಕಾಫಿ ಅಂಗಡಿಯ ವೈಫೈನಲ್ಲಿ ಕೂತು ಕೆಲಸ ಮಾಡುವವರು ಪೋರ್ಟಿನ ಮುಂದೆ 127.0.0.1 ಎಂದು ಸೇರಿಸಿಕೊಂಡರೆ ಬಾಗಿಲು ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ತೆರೆಯುತ್ತದೆ. ಹೀಗೇ, ನಿಮ್ಮನ್ನು ಡಾಕರ್ ಗ್ರೂಪಿಗೆ ಸೇರಿಸಿಕೊಳ್ಳುವುದು ಎಂದರೆ ಆ ಖಾತೆಗೆ ರೂಟ್ ಅಧಿಕಾರ ಕೊಟ್ಟಂತೆಯೇ. ಸ್ವಂತ ಲ್ಯಾಪ್‌ಟಾಪಿನಲ್ಲಿ ಪರವಾಗಿಲ್ಲ, ಕಾಲೇಜಿನ ಹಂಚಿಕೆಯ ಸರ್ವರಿನಲ್ಲಿ ಬೇಡ.

ನೆನಪಿನದು ಮತ್ತೊಂದು ಕಥೆ. ಕಂಟೇನರನ್ನು ತೆಗೆದುಹಾಕಿದರೆ ಒಳಗೆ ಬರೆದದ್ದೆಲ್ಲ ಹೋಗುತ್ತದೆ. ಉಳಿಯಬೇಕಾದದ್ದನ್ನು ವಾಲ್ಯೂಮ್ ಎಂಬ ಬೇರೆ ಉಗ್ರಾಣದಲ್ಲಿ ಇಡುತ್ತೇವೆ. ಈ ಉಗ್ರಾಣ ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಇಮೇಜ್ ಪಾಸ್‌ವರ್ಡ್ ಇಡುವುದು, ಆರಂಭದ ಸ್ಕ್ರಿಪ್ಟ್ ಓಡಿಸುವುದು ಉಗ್ರಾಣ ಖಾಲಿ ಇದ್ದಾಗ ಮಾತ್ರ. ನೀವು ಫೈಲಿನಲ್ಲಿ ಪಾಸ್‌ವರ್ಡ್ ಬದಲಿಸಿ, ಕಂಟೇನರ್ ಕೆಡವಿ ಮತ್ತೆ ಎಬ್ಬಿಸಿದರೂ ಒಳಗೆ ಹಳೆಯದೇ ಇರುತ್ತದೆ, ಲಾಗಿನ್ ಆಗುವುದಿಲ್ಲ. ಡಾಕರ್ ಕಂಪೋಸ್ ಡೌನ್ ಎಂದರೆ ಮನೆ ಮಾತ್ರ ಕೆಡವುತ್ತದೆ. ಅದಕ್ಕೆ ವಿ ಎಂಬ ಆಯ್ಕೆ ಸೇರಿಸಿದರೆ ಉಗ್ರಾಣವೂ ಹೋಗುತ್ತದೆ. ಯಾವಾಗ ಯಾವುದು ಎಂದು ಯೋಚಿಸಿ ಒತ್ತಿ. ಮೀಡಿಯಾವಿಕಿಯಲ್ಲಿ ಡೇಟಾಬೇಸ್ ಫೈಲು ಪ್ರಾಜೆಕ್ಟ್ ಫೋಲ್ಡರಿನೊಳಗೇ ಇರುವುದರಿಂದ ಅಪಾಯದ ರೂಪ ಬೇರೆ. ಗಿಟ್ ಕ್ಲೀನ್‌ಗೆ ಎಕ್ಸ್ ಸೇರಿಸಿ ಓಡಿಸಿದರೆ, ಗಿಟ್ ಲೆಕ್ಕಕ್ಕಿಡದ ಫೈಲುಗಳೆಲ್ಲ ಹೋಗುವಾಗ ನಿಮ್ಮ ವಿಕಿಯ ಪುಟಗಳೂ ಲೋಕಲ್‌ಸೆಟ್ಟಿಂಗ್ಸೂ ಜೊತೆಗೇ ಹೋಗುತ್ತವೆ. ನಾನು ಒಮ್ಮೆ ಕಳೆದುಕೊಂಡಿದ್ದೇನೆ. ಪರೀಕ್ಷೆಗೆಂದು ಬರೆದ ಪುಟಗಳು, ಅಂಥ ನಷ್ಟವೇನಲ್ಲ, ಆದರೆ ಆ ಕ್ಷಣದಲ್ಲಿ ಹೊಟ್ಟೆಯಲ್ಲಿ ಏನೋ ಜಾರಿತು.

ಹೊತ್ತಿನ ವಿಷಯವೂ ಇದೆ. ಕಂಪೋಸ್ ಫೈಲಿನಲ್ಲಿ ವೆಬ್ ಸೇವೆ ಡೇಟಾಬೇಸನ್ನು ಅವಲಂಬಿಸಿದೆ ಎಂದು ಬರೆದರೆ, ಡೇಟಾಬೇಸಿನ ಕಂಟೇನರ್ ಮೊದಲು ಶುರುವಾಗುತ್ತದೆ. ಶುರುವಾಗುವುದು ಬೇರೆ, ಸಿದ್ಧವಾಗುವುದು ಬೇರೆ. ಒಲೆ ಹಚ್ಚಿದ ತಕ್ಷಣ ಅನ್ನ ಆಗುವುದಿಲ್ಲವಲ್ಲ. ಡೇಟಾಬೇಸಿಗೆ ಒಂದು ಹೆಲ್ತ್‌ಚೆಕ್ ಬರೆದು, ಅದು ಆರೋಗ್ಯವಾಗಿದೆ ಎಂದ ಮೇಲೆ ಮಾತ್ರ ಮುಂದಿನದು ಏಳಲಿ ಎಂಬ ಷರತ್ತು ಹಾಕಬೇಕು. ಹತ್ತು ಸೆಕೆಂಡ್ ಸುಮ್ಮನೆ ಕಾಯುವ ಸ್ಲೀಪ್ ಹಾಕಿದ ಪ್ರಾಜೆಕ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಧಾನದ ಲ್ಯಾಪ್‌ಟಾಪಿಗೆ ಅದು ಸಾಲದು, ವೇಗದ್ದಕ್ಕೆ ವ್ಯರ್ಥ.

ಇನ್ನು ಎಡಿಟರ್. ಭಾಷೆಯ ಪರಿಕರಗಳೆಲ್ಲ ಕಂಟೇನರ್ ಒಳಗಿದ್ದರೆ ಹೊರಗಿನ ಎಡಿಟರಿಗೆ ಪದ ಪೂರ್ಣಗೊಳಿಸಲು, ತಪ್ಪು ತೋರಿಸಲು ಏನೂ ಸಿಗುವುದಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ವಿಎಸ್ ಕೋಡ್ ಎಡಿಟರಿಗೆ ಇದಕ್ಕೊಂದು ಉಪಾಯ ತಂದಿತು: ಎಡಿಟರಿನ ಕಣ್ಣು ಕೈ ಹೊರಗೆ, ಮಿದುಳು ಒಳಗೆ. ಡೆವ್ ಕಂಟೇನರ್ ಎಂಬ ಒಂದು ಜೇಸನ್ ಫೈಲಿನಲ್ಲಿ ಯಾವ ಇಮೇಜ್, ಯಾವ ಎಕ್ಸ್‌ಟೆನ್ಷನ್‌ಗಳು, ಕಟ್ಟಿದ ಮೇಲೆ ಯಾವ ಕಮಾಂಡ್ ಎಂದು ಬರೆದಿಟ್ಟರೆ ಎಡಿಟರ್ ತಾನೇ ಎಲ್ಲವನ್ನೂ ಎಬ್ಬಿಸುತ್ತದೆ. 2022ರಲ್ಲಿ ಇದನ್ನು ಎಲ್ಲರೂ ಬಳಸಬಹುದಾದ ನಿರ್ದಿಷ್ಟ ವಿವರಣೆಯಾಗಿ ತೆರೆದರು. ಅದೇ ಫೈಲ್ ಗಿಟ್‌ಹಬ್ ಕೋಡ್‌ಸ್ಪೇಸಸ್‌ಗೂ ಸಾಕು. ಹಳೆಯ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಬ್ರೌಸರಿನಲ್ಲೇ ಕೆಲಸ ಮಾಡಲು ಅದೊಂದು ದಾರಿ. ಡೀಬಗರ್ ಮಾತ್ರ ಉಲ್ಟಾ ದಿಕ್ಕಿನ ಕಿಂಡಿ ಕೇಳುತ್ತದೆ. ಪಿಎಚ್‌ಪಿಯ ಡೀಬಗರ್ ಆದ ಎಕ್ಸ್‌ಡೀಬಗ್ ಒಳಗಿನಿಂದ ಹೊರಗಿನ ಎಡಿಟರಿನ 9003ನೆಯ ಪೋರ್ಟಿಗೆ ಕರೆ ಮಾಡುತ್ತದೆ. ಹೊರಗಿನ ಮೆಷೀನಿನ ವಿಳಾಸ ಡಾಕರ್ ಡೆಸ್ಕ್‌ಟಾಪಿನಲ್ಲಿ ತಾನಾಗಿ ಸಿಗುತ್ತದೆ. ಲಿನಕ್ಸಿನಲ್ಲಿ ಕಂಪೋಸ್ ಫೈಲಿಗೆ ಒಂದು ಸಾಲು ಸೇರಿಸಬೇಕು. ಬ್ರೇಕ್‌ಪಾಯಿಂಟ್ (ಕೋಡ್ ನಿಲ್ಲಬೇಕಾದ ಗುರುತು) ಇಟ್ಟರೂ ನಿಲ್ಲುತ್ತಿಲ್ಲ ಎಂದರೆ ಮೊದಲು ಅಲ್ಲಿ ನೋಡಿ.

ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಪಟ್ಟ ಪಾಡನ್ನೂ ಹೇಳಬೇಕು. ಮೂವತ್ತು ಚಿಲ್ಲರೆ ಮಂದಿ, ಎಲ್ಲರಿಗೂ ಒಂದೇ ಇಂಟರ್ನೆಟ್ ಸಂಪರ್ಕ. ಎಲ್ಲರೂ ಒಟ್ಟಿಗೆ ಇಮೇಜುಗಳನ್ನು ಎಳೆಯತೊಡಗಿದರು. ಸ್ವಲ್ಪ ಹೊತ್ತಿಗೆ ನಿಮ್ಮ ಮಿತಿ ಮುಗಿಯಿತು ಎಂಬ ಸಂದೇಶ. ಇಮೇಜುಗಳ ಭಂಡಾರವಾದ ಡಾಕರ್ ಹಬ್ 2020ರ ನವೆಂಬರಿನಿಂದ ಲಾಗಿನ್ ಆಗದವರಿಗೆ ಐಪಿ ವಿಳಾಸದ ಮೇಲೆ ಮಿತಿ ಹಾಕಿತು. ಆಗಿನ ಲೆಕ್ಕ ಆರು ಗಂಟೆಗೆ 100 ಡೌನ್‌ಲೋಡ್. ಹೊರಜಗತ್ತಿಗೆ ಇಡೀ ಕಾಲೇಜು ಒಂದೇ ವಿಳಾಸ ಎಂಬುದು ನನಗೆ ಹೊಳೆದಿರಲಿಲ್ಲ. ಅದಾದಮೇಲೆ ಹಿಂದಿನ ರಾತ್ರಿಯೇ ಬೇಕಾದ ಇಮೇಜುಗಳನ್ನು ಡಾಕರ್ ಸೇವ್‌ನಿಂದ ಒಂದು ಫೈಲಾಗಿಸಿ ನಾಲ್ಕು ಪೆನ್‌ಡ್ರೈವ್‌ಗಳಲ್ಲಿ ಹಾಕಿಕೊಂಡು ಹೋಗುತ್ತೇನೆ. ಡಾಕರ್ ಲೋಡ್ ಎಂದರೆ ಇಂಟರ್ನೆಟ್ ಇಲ್ಲದೆಯೇ ಒಳಗೆ ಬರುತ್ತದೆ. ಆಪಲ್ 2020ರಲ್ಲಿ ಆರ್ಮ್ ಬಗೆಯ ಎಂ1 ಚಿಪ್ ತಂದ ಮೇಲೆ ಪೆನ್‌ಡ್ರೈವ್‌ನಲ್ಲೂ ಎರಡು ಬಗೆ ಬೇಕು. ಆರ್ಮ್ ಚಿಪ್ಪಿಗೆ ಒಂದು, ಇಂಟೆಲ್ ಮತ್ತು ಎಎಂಡಿಗೆ ಒಂದು. ಒಂದನ್ನು ಇನ್ನೊಂದರ ಮೇಲೆ ಅನುಕರಣೆಯಲ್ಲಿ ಓಡಿಸಬಹುದು, ಆದರೆ ತೆವಳುತ್ತದೆ.

ಮೇಂಟೇನರುಗಳಿಗೆ ಹೇಳಬೇಕಾದ್ದು ಹೆಚ್ಚಿಲ್ಲ. ಮೂಲ ಇಮೇಜಿಗೆ ಲೇಟೆಸ್ಟ್ ಎಂದು ಬರೆಯಬೇಡಿ. ಆ ಹೆಸರಿನ ಹಿಂದಿರುವ ಇಮೇಜ್ ಬದಲಾಗುತ್ತಲೇ ಇರುತ್ತದೆ; ಇಂದು ಕಟ್ಟಿದ್ದಕ್ಕೂ ಆರು ತಿಂಗಳ ಹಿಂದೆ ಕಟ್ಟಿದ್ದಕ್ಕೂ ಸಂಬಂಧ ಇರಬೇಕೆಂದಿಲ್ಲ. ಆವೃತ್ತಿಯ ಸಂಖ್ಯೆ ಬರೆಯಿರಿ. ದಾಖಲೆಯಲ್ಲಿ ಡಾಕರ್ ಮತ್ತು ಕಂಪೋಸ್ ನಡುವೆ ಇನ್ನೂ ಅಡ್ಡಗೆರೆ ಇದ್ದರೆ ತೆಗೆಯಿರಿ; ಆ ಹಳೆಯ ಕಮಾಂಡಿಗೆ ಬೆಂಬಲ 2023ರ ಜುಲೈಗೇ ನಿಂತಿದೆ. 2021ರಿಂದ ದೊಡ್ಡ ಕಂಪನಿಗಳಿಗೆ ಡಾಕರ್ ಡೆಸ್ಕ್‌ಟಾಪ್ ಉಚಿತವಲ್ಲ, ಹಾಗಾಗಿ ಆಫೀಸಿನ ಲ್ಯಾಪ್‌ಟಾಪ್ ಬಳಸುವ ಕೆಲವರ ಬಳಿ ಅದರ ಬದಲಿಗೆ ಪಾಡ್‌ಮ್ಯಾನ್ ಎಂಬ ಕಂಟೇನರ್ ತಂತ್ರಾಂಶ ಇರುತ್ತದೆ. ಅದರಲ್ಲೂ ಒಮ್ಮೆ ಓಡಿಸಿ ನೋಡಿ. ಕಂಟೇನರ್ ಬೇಡ, ನೇರವಾಗಿ ಹಾಕಿಕೊಳ್ಳುತ್ತೇನೆ ಎನ್ನುವವರ ದಾರಿಯನ್ನು ಮುಚ್ಚಬೇಡಿ. ಒಂದೇ ಭಾಷೆಯ, ಡೇಟಾಬೇಸ್ ಇಲ್ಲದ ಸಣ್ಣ ಲೈಬ್ರರಿಗೆ ಈ ವಠಾರವೇ ಹೊರೆ. ಪ್ರತಿ ಪ್ಯಾಚಿಗೂ (ತಿದ್ದುಪಡಿಗೂ) ಟೆಸ್ಟ್ ಓಡಿಸುವ ಯಂತ್ರ ಇದ್ದರೆ, ಅದು ಓಡಿಸುವುದು ಹೊಸಬರಿಗೆ ಕೊಟ್ಟ ಇಮೇಜನ್ನೇ ಆಗಿರಲಿ. ಆಗ ಇಮೇಜ್ ಕೆಟ್ಟ ದಿನವೇ ನಿಮಗೆ ಗೊತ್ತಾಗುತ್ತದೆ, ಶನಿವಾರ ಮಧ್ಯಾಹ್ನ ಬಂದ ಹೊಸಬರಿಗಲ್ಲ.

ನಾನು ಕೈಯಾಡಿಸುವ ಪ್ರಾಜೆಕ್ಟುಗಳಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಕೆಲಸ ಮಾಡುತ್ತೇನೆ. ನನ್ನ ಮೆಷೀನಿನ ಎಲ್ಲ ಇಮೇಜು, ವಾಲ್ಯೂಮು, ಆ ಫೋಲ್ಡರು ಅಳಿಸಿ, ರೀಡ್‌ಮಿ ತೆರೆದು, ಅದರಲ್ಲಿ ಬರೆದದ್ದನ್ನು ಮಾತ್ರ ಅಕ್ಷರಶಃ ಮಾಡುತ್ತೇನೆ. ನನಗೆ ಗೊತ್ತಿರುವುದನ್ನು ಬಳಸುವಂತಿಲ್ಲ. ಹಿಂದಿನ ಸಲ ನಾಲ್ಕನೆಯ ಹೆಜ್ಜೆಯಲ್ಲೇ ಸಿಕ್ಕಿಬಿದ್ದೆ. ಡಾಟ್ ಎನ್ವ್ ಫೈಲಿನ ಮಾದರಿಯನ್ನು ನಕಲಿಸಿ ಎಂದು ನಾನೇ ಬರೆದಿದ್ದೆ, ಮಾದರಿ ಫೈಲನ್ನು ಮಾತ್ರ ಗಿಟ್‌ಗೆ ಸೇರಿಸಿ ಕಮಿಟ್ ಮಾಡಿರಲಿಲ್ಲ.